ಟೇಪಿನಿಂದ ಪಠ್ಯಕ್ಕೆ: ಗಣಕ ಕಡತಗಳ ಮರುಸ್ಥಾಪನೆ ಮತ್ತು ಕನ್ನಡ ಸಂಶೋಧನೆ

(ಮಧುಗಿರಿ, ಸಿರಾ, ಕೊರಟಗೆರೆ ಹಾಗೂ ಪಾವಗಡ ತಾಲ್ಲೂಕುಗಳನ್ನು ಅನುಲಕ್ಷಿಸಿ)

1. ಪ್ರಸ್ತಾವನೆ

ಆಕರಗಳ ರಕ್ಷಣೆ ಎಂದೊಡನೆ ಕನ್ನಡ ಸಂಶೋಧಕರಿಗೆ ಓಲೆಗರಿ, ಕಾಗದದ ಹಸ್ತಪ್ರತಿ, ತಾಮ್ರಪಟ, ಶಿಲಾಶಾಸನಗಳು ಮೊದಲು ನೆನಪಾಗುತ್ತವೆ. ಕಳೆದ ಮೂರು ದಶಕಗಳಲ್ಲಿ ಈ ಸಾಲಿಗೆ ಮತ್ತೊಂದು ಬಗೆಯ ಆಕರ ಸೇರಿಕೊಂಡಿದೆ. ಕ್ಷೇತ್ರಕಾರ್ಯದ ಧ್ವನಿಮುದ್ರಣ, ಗಣಕದಲ್ಲಿ ಬೆರಳಚ್ಚಾದ ಜನಪದ ಪಠ್ಯ, ಮಹಾಪ್ರಬಂಧಗಳ ಮೂಲ ಕಡತ, ಸರ್ಕಾರಿ ಕಚೇರಿಗಳ ದತ್ತಾಂಶ ಇವೆಲ್ಲ ಕಾಂತೀಯ ಟೇಪು, ಫ್ಲಾಪಿ, ಸಿ.ಡಿ.ಗಳಲ್ಲಿ ಉಳಿದುಕೊಂಡಿವೆ. ಇವುಗಳ ಪ್ರತಿ ತೆಗೆದಿಟ್ಟಿದ್ದೇವೆ ಎಂಬ ಸಮಾಧಾನ ಅನೇಕ ವಿಭಾಗಗಳಲ್ಲಿದೆ. ಆದರೆ ಪ್ರತಿ ತೆಗೆದಿಡುವುದೂ ಆ ಪ್ರತಿಯಿಂದ ಮೂಲವನ್ನು ಮರಳಿ ಪಡೆಯುವುದೂ ಎರಡು ಬೇರೆ ಕೆಲಸಗಳು. ಮೊದಲನೆಯದು ನಡೆದಿದೆ ಎಂಬುದರಿಂದ ಎರಡನೆಯದು ಸಾಧ್ಯ ಎಂದು ತೀರ್ಮಾನಿಸಲಾಗದು.

ಟೇಪಿನಿಂದ ಕಡತವನ್ನು ಮರುಸ್ಥಾಪಿಸುವ ಕ್ರಮವನ್ನು ವಿವರಿಸಿ, ಕನ್ನಡದ ಸಂದರ್ಭದಲ್ಲಿ ಆ ಕ್ರಮ ಎಲ್ಲಿ ಅಪೂರ್ಣವಾಗುತ್ತದೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಚರ್ಚೆಗೆ ತುಮಕೂರು ಜಿಲ್ಲೆಯ ಉತ್ತರ ಭಾಗದ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನು ನಿದರ್ಶನವಾಗಿ ಆರಿಸಿಕೊಳ್ಳಲಾಗಿದೆ. ಈ ನಾಲ್ಕೂ ಸೇರಿ ಮಧುಗಿರಿ ಕಂದಾಯ ಉಪವಿಭಾಗವಾಗಿವೆ. ಮಧುಗಿರಿ ಶೈಕ್ಷಣಿಕ ಜಿಲ್ಲೆಯೂ ಇವುಗಳಿಂದಲೇ ಆದುದು. ಕಾಡುಗೊಲ್ಲರ ಹಟ್ಟಿಗಳ ಮೌಖಿಕ ಕಾವ್ಯ, ಪಾವಗಡದ ಕನ್ನಡ-ತೆಲುಗು ದ್ವಿಭಾಷಿಕತೆ, ಶಾಸನಗಳು, ಭೂದಾಖಲೆಗಳು ಹೀಗೆ ಬಗೆಬಗೆಯ ಆಕರಗಳು ಒಂದೇ ಪ್ರದೇಶದಲ್ಲಿ ದೊರೆಯುವುದರಿಂದ ಮರುಸ್ಥಾಪನೆಯ ಬೇರೆ ಬೇರೆ ತೊಡಕುಗಳನ್ನು ಇಲ್ಲಿ ಒಟ್ಟಿಗೆ ಪರಿಶೀಲಿಸಬಹುದಾಗಿದೆ.

2. ಮಾಧ್ಯಮವಾಗಿ ಟೇಪು

ಗಣಕದ 'ಫೈಲ್' ಎಂಬುದಕ್ಕೆ ಕನ್ನಡದಲ್ಲಿ 'ಕಡತ' ಎಂಬ ಪದ ಬಳಕೆಗೆ ಬಂದಿದೆ. ಹಳೆಯ ಕಡತವೆಂದರೆ ಹುಣಿಸೆ ಬೀಜದ ಅಂಟಿನೊಡನೆ ಇದ್ದಿಲ ಪುಡಿಯನ್ನು ಕಲಸಿ ಬಟ್ಟೆಗೆ ಲೇಪಿಸಿ, ಒಣಗಿಸಿ, ಮಡಿಕೆ ಮಾಡಿ, ಬಳಪದಿಂದ ಬರೆಯುತ್ತಿದ್ದ ಲೆಕ್ಕದ ಪುಸ್ತಕ. ಶೃಂಗೇರಿ ಮಠದ ಕಡತಗಳು ಚರಿತ್ರೆಯ ಆಕರಗಳಾಗಿ ಪ್ರಸಿದ್ಧವಾಗಿವೆ. ಕಾಂತೀಯ ಟೇಪಿನ ರಚನೆಯೂ ಇದಕ್ಕೆ ದೂರದ್ದಲ್ಲ. ಪಾಲಿಯೆಸ್ಟರ್ ಪಟ್ಟಿಯೊಂದು ಆಧಾರ; ಅದರ ಮೇಲೆ ಕಾಂತೀಯ ಗುಣದ ಸೂಕ್ಷ್ಮ ಕಣಗಳನ್ನು ಅಂಟಿನಿಂದ ಹಿಡಿದಿಟ್ಟ ಲೇಪ. ಎರಡರಲ್ಲೂ ಬರಹ ಇರುವುದು ಲೇಪದ ಮೇಲೆ. ಎರಡನ್ನೂ ಅಳಿಸಿ ಮತ್ತೆ ಬರೆಯಬಹುದು. ಲೇಪ ಕಳಚಿದರೆ ಎರಡರಲ್ಲೂ ಬರಹ ಹೋಗುತ್ತದೆ. ಟೇಪಿನ ಅಂಟು ತೇವವನ್ನು ಹೀರಿಕೊಂಡಾಗ ಜಿಗುಟಾಗಿ, ಓದುವ ಯಂತ್ರದ ಭಾಗಗಳಿಗೆ ಮೆತ್ತಿಕೊಳ್ಳುತ್ತದೆ. 1970 ಮತ್ತು 80ರ ದಶಕಗಳ ಕೆಲವು ಬಗೆಯ ಟೇಪುಗಳಲ್ಲಿ ಈ ದೋಷ ಹೆಚ್ಚು. ಅಂಥವನ್ನು ತಜ್ಞರು ನಿಯಂತ್ರಿತ ಶಾಖದಲ್ಲಿ ಗಂಟೆಗಟ್ಟಲೆ ಇರಿಸಿ, ತಾತ್ಕಾಲಿಕವಾಗಿ ಗಟ್ಟಿಯಾದ ಅವಧಿಯಲ್ಲಿ ಓದಿಕೊಳ್ಳುತ್ತಾರೆ.

ಗಣಕದೊಂದಿಗೆ ಟೇಪಿನ ನಂಟು 1950ರ ದಶಕದ ಆರಂಭದ್ದು. 1951ರ ಯೂನಿವ್ಯಾಕ್ ಗಣಕದಲ್ಲಿ ಲೋಹದ ಪಟ್ಟಿಯ ಟೇಪಿತ್ತು, 1952ರಲ್ಲಿ ಐ.ಬಿ.ಎಂ. ಸಂಸ್ಥೆ ತನ್ನ 726 ಎಂಬ ಟೇಪು ಯಂತ್ರವನ್ನು ಹೊರತಂದಿತು. ಟೇಪಿನ ಕಾಲ ಮುಗಿದಿದೆ ಎಂಬ ಭಾವನೆ ಸಾಮಾನ್ಯವಾಗಿದ್ದರೂ ಅದು ನಿಜವಲ್ಲ. 2000ದಲ್ಲಿ ಬಂದ ಎಲ್.ಟಿ.ಓ. ಮಾದರಿಯ ಮೊದಲ ಪೀಳಿಗೆಯ ಟೇಪು 100 ಗಿಗಾಬೈಟ್ ಹಿಡಿಯುತ್ತಿದ್ದರೆ, 2021ರ ಒಂಬತ್ತನೆಯ ಪೀಳಿಗೆಯದು 18 ಟೆರಾಬೈಟ್ ಹಿಡಿಯುತ್ತದೆ. ದೊಡ್ಡ ದತ್ತಾಂಶ ಕೇಂದ್ರಗಳು ಟೇಪನ್ನು ಬಿಡದಿರಲು ಕಾರಣ ಅದರ ಅಗ್ಗದ ಬೆಲೆ ಮಾತ್ರವಲ್ಲ. ಯಂತ್ರದಿಂದ ಹೊರತೆಗೆದು ಕಪಾಟಿನಲ್ಲಿಟ್ಟ ಟೇಪಿಗೆ ಗಣಕ ಜಾಲದ ದೋಷವಾಗಲಿ ವೈರಸ್ಸಾಗಲಿ ತಲುಪುವುದಿಲ್ಲ. 2011ರ ಫೆಬ್ರವರಿ ಕೊನೆಯಲ್ಲಿ ತಂತ್ರಾಂಶ ದೋಷವೊಂದರಿಂದ ಜಿಮೇಲ್ ಬಳಕೆದಾರರಲ್ಲಿ ಶೇಕಡಾ 0.02ರಷ್ಟು ಮಂದಿಯ ಅಂಚೆಪೆಟ್ಟಿಗೆಗಳು ಬರಿದಾದವು. ಬೇರೆ ಬೇರೆ ಕೇಂದ್ರಗಳಲ್ಲಿದ್ದ ಹಲವು ಪ್ರತಿಗಳಿಗೂ ಅದೇ ದೋಷ ತಗುಲಿತ್ತು. ಜಾಲದ ಹೊರಗಿದ್ದ ಟೇಪಿನ ಪ್ರತಿಗಳಿಂದಲೇ ಗೂಗಲ್ ಸಂಸ್ಥೆ ಆ ಪತ್ರಗಳನ್ನು ಮರಳಿ ತಂದಿತು.

ಟೇಪಿನ ಮಿತಿಯೂ ಅದರ ಸ್ವರೂಪದಲ್ಲೇ ಇದೆ. ಡಿಸ್ಕಿನಲ್ಲಿ ಬೇಕಾದ ಕಡತಕ್ಕೆ ನೇರವಾಗಿ ಹೋಗಬಹುದು. ಟೇಪಿನಲ್ಲಿ ಸುರುಳಿ ಬಿಚ್ಚುತ್ತ ಆ ಸ್ಥಳಕ್ಕೆ ತಲುಪಬೇಕು. ಆದ್ದರಿಂದ ಯಾವ ಟೇಪಿನಲ್ಲಿ, ಎಷ್ಟನೆಯ ಸ್ಥಾನದಲ್ಲಿ, ಯಾವ ದಿನಾಂಕದ ಕಡತವಿದೆ ಎಂದು ತಿಳಿಸುವ ಸೂಚಿ ಟೇಪಿನಷ್ಟೇ ಮುಖ್ಯ. ಈ ಸೂಚಿ ಗಣಕದಲ್ಲಿ ಮಾತ್ರ ಇದ್ದು, ಆ ಗಣಕವೇ ಕೆಟ್ಟರೆ, ಟೇಪುಗಳನ್ನೆಲ್ಲ ಮೊದಲಿನಿಂದ ಓದಿ ಸೂಚಿಯನ್ನು ಹೊಸದಾಗಿ ಕಟ್ಟಬೇಕಾಗುತ್ತದೆ.

3. ಮರುಸ್ಥಾಪನೆಯ ಕ್ರಮ: ಭೂದಾಖಲೆಯ ನಿದರ್ಶನ

ಕರ್ನಾಟಕದಲ್ಲಿ ಸಾಮಾನ್ಯ ಜನರ ಬದುಕಿಗೆ ನೇರವಾಗಿ ತಾಗಿದ ಮೊದಲ ದೊಡ್ಡ ಕನ್ನಡ ದತ್ತಾಂಶವೆಂದರೆ 'ಭೂಮಿ' ಯೋಜನೆಯದು. 2000ದ ದಶಕದ ಆರಂಭದಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದ ಈ ಯೋಜನೆಯಲ್ಲಿ ಸುಮಾರು 67 ಲಕ್ಷ ಭೂಹಿಡುವಳಿದಾರರ 2 ಕೋಟಿ ದಾಖಲೆಗಳನ್ನು ಗಣಕಕ್ಕೆ ಅಳವಡಿಸಲಾಯಿತು. ಅದುವರೆಗೆ ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ಪಹಣಿಗಳ ಸ್ಥಾನವನ್ನು ಗಣಕದ ಪ್ರತಿ ಪಡೆಯಿತು. ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವಾಯಿತು. ಆರಂಭದ ವ್ಯವಸ್ಥೆಯಲ್ಲಿ ಆಯಾ ತಾಲ್ಲೂಕಿನ ದತ್ತಾಂಶ ಆಯಾ ತಾಲ್ಲೂಕು ಕಚೇರಿಯ ಸರ್ವರಿನಲ್ಲಿತ್ತು. ಅನಂತರ ಅದನ್ನು ರಾಜ್ಯ ಮಟ್ಟದಲ್ಲಿ ಕೇಂದ್ರೀಕರಿಸಲಾಯಿತು. ಪ್ರಸ್ತುತ ಅಧ್ಯಯನದ ನಾಲ್ಕು ತಾಲ್ಲೂಕುಗಳ ರೈತರ ಹಕ್ಕುಪತ್ರವೂ ಹೀಗೆ ಗಣಕದ ಕಡತವಾಯಿತು ಎಂಬುದು ಇಲ್ಲಿ ಗಮನಾರ್ಹ.

ಇಂಥ ದತ್ತಾಂಶದ ಬ್ಯಾಕಪ್ ಮೂರು ಬಗೆಯಲ್ಲಿರುತ್ತದೆ. ಇರುವುದೆಲ್ಲವನ್ನೂ ನಕಲು ಮಾಡುವುದು ಪೂರ್ಣಪ್ರತಿ. ಹಿಂದಿನ ಯಾವುದೇ ಪ್ರತಿಯ ಅನಂತರ ಬದಲಾದುದನ್ನು ಮಾತ್ರ ನಕಲು ಮಾಡುವುದು ಏರಿಕೆಪ್ರತಿ. ಕೊನೆಯ ಪೂರ್ಣಪ್ರತಿಯಿಂದ ಈಚೆಗೆ ಬದಲಾದುದೆಲ್ಲವನ್ನೂ ನಕಲು ಮಾಡುವುದು ವ್ಯತ್ಯಾಸಪ್ರತಿ. ಒಂದು ಕಚೇರಿಯಲ್ಲಿ ಭಾನುವಾರ ಪೂರ್ಣಪ್ರತಿಯನ್ನೂ ಉಳಿದ ದಿನಗಳ ಸಂಜೆ ಏರಿಕೆಪ್ರತಿಯನ್ನೂ ತೆಗೆಯುವ ಪದ್ಧತಿ ಇದೆ ಎಂದು ಭಾವಿಸೋಣ. ಬುಧವಾರ ಮಧ್ಯಾಹ್ನ ಡಿಸ್ಕು ಕೆಟ್ಟರೆ ಮೊದಲು ಭಾನುವಾರದ ಟೇಪು, ಅನಂತರ ಸೋಮವಾರದ್ದು, ಅನಂತರ ಮಂಗಳವಾರದ್ದು ಇದೇ ಅನುಕ್ರಮದಲ್ಲಿ ಮರುಸ್ಥಾಪನೆ ಆಗಬೇಕು. ಸೋಮವಾರದ ಟೇಪು ಓದಲು ಬಾರದಿದ್ದರೆ ಮಂಗಳವಾರದ ಟೇಪು ಚೆನ್ನಾಗಿದ್ದರೂ ಫಲಿತಾಂಶವನ್ನು ನಂಬುವಂತಿಲ್ಲ. ಏರಿಕೆಪ್ರತಿಯ ಬದಲು ವ್ಯತ್ಯಾಸಪ್ರತಿ ತೆಗೆದಿದ್ದರೆ ಭಾನುವಾರ ಮತ್ತು ಮಂಗಳವಾರದ ಎರಡೇ ಟೇಪು ಸಾಕಾಗುತ್ತಿತ್ತು. ಬುಧವಾರ ಬೆಳಿಗ್ಗೆ ದಾಖಲಾದ ಖಾತೆ ಬದಲಾವಣೆಗಳು ಯಾವ ಟೇಪಿನಲ್ಲೂ ಇರುವುದಿಲ್ಲ. ಅವನ್ನು ಕಾಗದದ ಅರ್ಜಿಗಳಿಂದ ಮತ್ತೆ ನಮೂದಿಸಬೇಕು. ಗಣಕೀಕರಣದ ಬಳಿಕವೂ ಕಾಗದವನ್ನು ಕೂಡಲೇ ವಿಲೇವಾರಿ ಮಾಡಬಾರದು ಎಂಬುದಕ್ಕೆ ಇದೊಂದು ಕಾರಣ.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದು, ದತ್ತಾಂಶ ಬಳಕೆಯಲ್ಲಿರುವಾಗಲೇ ಅದರ ಕಡತವನ್ನು ಹಾಗೆಯೇ ನಕಲು ಮಾಡಿದರೆ ಅರ್ಧಕ್ಕೆ ನಿಂತ ಸ್ಥಿತಿ ಟೇಪಿಗೆ ಹೋಗಬಹುದು. ಜಮೀನು ಮಾರಿದವರ ಹೆಸರು ತೆಗೆದಿದ್ದು, ಕೊಂಡವರ ಹೆಸರು ಇನ್ನೂ ಸೇರದಿರುವ ಕ್ಷಣದ ಪ್ರತಿ ಅದಾದರೆ, ಪಹಣಿಯ 9ನೆಯ ಅಂಕಣ ಯಾರದ್ದೂ ಅಲ್ಲದಂತಾಗುತ್ತದೆ. ದತ್ತಾಂಶ ತಂತ್ರಾಂಶದ್ದೇ ಆದ ಬ್ಯಾಕಪ್ ಸೌಲಭ್ಯವನ್ನು ಬಳಸಬೇಕೆನ್ನುವುದು ಈ ಕಾರಣಕ್ಕೆ. ಎರಡನೆಯದು, ಟೇಪಿನಿಂದ ಬಂದ ಕಡತವನ್ನು ಇರುವ ಕಡತದ ಮೇಲೆಯೇ ಬರೆಯಕೂಡದು. ಹಳೆಯ ಪ್ರತಿ ಹೊಸ ತಿದ್ದುಪಡಿಗಳನ್ನು ನುಂಗಿಹಾಕುವ ಅಪಾಯವಿರುತ್ತದೆ. ಪ್ರತ್ಯೇಕ ಸ್ಥಳಕ್ಕೆ ಇಳಿಸಿ, ಹೋಲಿಸಿ, ಖಚಿತಪಡಿಸಿಕೊಂಡ ಬಳಿಕವೇ ಬಳಕೆಗೆ ತರಬೇಕು.

ಇಷ್ಟೆಲ್ಲ ಕ್ರಮವಿದ್ದರೂ ಒಮ್ಮೆಯೂ ಮರುಸ್ಥಾಪನೆ ಮಾಡಿ ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಎಂದು ಕರೆಯಲಾಗದು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಅಂತರರಾಷ್ಟ್ರೀಯ ತಂತ್ರಾಂಶ ಸಂಸ್ಥೆಯಲ್ಲಿ ತಪ್ಪು ಆದೇಶವೊಂದರಿಂದ ಮುಖ್ಯ ದತ್ತಾಂಶ ಅಳಿಸಿಹೋಯಿತು. ಐದು ವಿಧದ ರಕ್ಷಣಾ ಕ್ರಮಗಳಿದ್ದರೂ ಅವುಗಳಲ್ಲಿ ಯಾವುದೂ ನೆಚ್ಚುವಂತೆ ಕೆಲಸ ಮಾಡುತ್ತಿರಲಿಲ್ಲ ಎಂಬುದು ಆಗಲೇ ತಿಳಿದುಬಂದದ್ದು. ಆಕಸ್ಮಿಕವಾಗಿ ಉಳಿದಿದ್ದ ಆರು ಗಂಟೆ ಹಿಂದಿನ ಪ್ರತಿಯೊಂದರಿಂದ ಸಂಸ್ಥೆ ಚೇತರಿಸಿಕೊಂಡಿತು.

4. ಯಂತ್ರ ಮತ್ತು ವಿನ್ಯಾಸದ ತೊಡಕು

ಟೇಪು ಸುಸ್ಥಿತಿಯಲ್ಲಿದ್ದರೂ ಅದನ್ನು ಓದುವ ಯಂತ್ರ ಇಲ್ಲದಿದ್ದರೆ ಪ್ರಯೋಜನವಿಲ್ಲ. ಎಲ್.ಟಿ.ಓ. ಯಂತ್ರಗಳು ಏಳನೆಯ ಪೀಳಿಗೆಯವರೆಗೆ ತಮಗಿಂತ ಎರಡು ಪೀಳಿಗೆ ಹಿಂದಿನ ಟೇಪನ್ನು ಓದುತ್ತಿದ್ದವು. ಎಂಟು ಮತ್ತು ಒಂಬತ್ತನೆಯ ಪೀಳಿಗೆಗಳು ಒಂದು ಪೀಳಿಗೆ ಹಿಂದಕ್ಕೆ ಮಾತ್ರ ಹೋಗುತ್ತವೆ. 2025ರ ಹತ್ತನೆಯ ಪೀಳಿಗೆ ಹಿಂದಿನ ಯಾವುದನ್ನೂ ಓದುವುದಿಲ್ಲ. ಹೀಗಾಗಿ 2007ರ ನಾಲ್ಕನೆಯ ಪೀಳಿಗೆಯ ಟೇಪಿಗೆ 2012ರ ಆರನೆಯ ಪೀಳಿಗೆಯ ಯಂತ್ರವೇ ಕೊನೆಯ ಓದುಗ. 1990ರ ದಶಕದಲ್ಲಿ ಸಣ್ಣ ಸರ್ವರುಗಳಲ್ಲಿ ಸಾಮಾನ್ಯವಾಗಿದ್ದ 4 ಮಿ.ಮೀ. ಅಗಲದ ಟೇಪುಗಳಿಗಂತೂ ಹಳೆಯ ಯಂತ್ರಗಳನ್ನೇ ಹುಡುಕಬೇಕು.

ಅಮೆರಿಕದ ಲೂನಾರ್ ಆರ್ಬಿಟರ್ ನೌಕೆಗಳು 1966-67ರಲ್ಲಿ ಕಳುಹಿಸಿದ ಚಂದ್ರನ ಚಿತ್ರಗಳ ಟೇಪುಗಳ ಕಥೆ ಇದಕ್ಕೆ ಉತ್ತಮ ಉದಾಹರಣೆ. ಟೇಪುಗಳನ್ನೂ ಅವನ್ನು ಓದಬಲ್ಲ ಆಂಪೆಕ್ಸ್ ಎಫ್.ಆರ್. 900 ಯಂತ್ರಗಳನ್ನೂ ನಿವೃತ್ತ ಸಂಗ್ರಾಹಕಿಯೊಬ್ಬರು ಜೋಪಾನ ಮಾಡಿದ್ದರಿಂದಲೇ 2008ರಲ್ಲಿ ಅವುಗಳಿಂದ ಉತ್ತಮ ಗುಣಮಟ್ಟದ ಚಿತ್ರಗಳನ್ನು ಮರಳಿ ಪಡೆಯಲು ಸಾಧ್ಯವಾಯಿತು. ಟೇಪುಗಳು ಮಾತ್ರ ಉಳಿದಿದ್ದರೆ ಆ ಕೆಲಸ ನಡೆಯುತ್ತಿರಲಿಲ್ಲ.

ಯಂತ್ರದ ಬಳಿಕ ಬರುವುದು ವಿನ್ಯಾಸದ ತೊಡಕು. ಯೂನಿಕ್ಸ್ ಗಣಕಗಳಲ್ಲಿ 1979ರಿಂದ ಬಳಕೆಯಲ್ಲಿರುವ 'ಟಾರ್' ಎಂಬ ಟೇಪು ವಿನ್ಯಾಸ ಸರಳವಾದುದು. ಕಡತದ ಹೆಸರು, ಗಾತ್ರ, ದಿನಾಂಕ, ಪರಿಶೀಲನಾ ಮೊತ್ತ ಇರುವ 512 ಬೈಟುಗಳ ಶಿರೋಭಾಗ. ಅದರ ಹಿಂದೆ ಕಡತದ ಒಡಲು. ಇದರ ವಿವರಣೆ ಎಲ್ಲರಿಗೂ ಲಭ್ಯವಿರುವುದರಿಂದ ಇಂದಿಗೂ ಓದಬಹುದು. ಹಳೆಯ ಟಾರ್ ವಿನ್ಯಾಸ ಹೆಸರಿಗೆ ಮೀಸಲಿಟ್ಟದ್ದು 100 ಬೈಟುಗಳನ್ನು ಮಾತ್ರ. ಯೂನಿಕೋಡ್ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು ಬೇಕಾದ್ದರಿಂದ ಕನ್ನಡದಲ್ಲಿ 33 ಸಂಕೇತಗಳನ್ನು ಮೀರಿದ ಹೆಸರು ಅಲ್ಲಿ ಹಿಡಿಸುವುದಿಲ್ಲ. ಖಾಸಗಿ ಸಂಸ್ಥೆಗಳ ಗುಟ್ಟಿನ ವಿನ್ಯಾಸಗಳಲ್ಲಿ ಬರೆದ ಟೇಪುಗಳಿಗಾದರೆ ಅದೇ ತಂತ್ರಾಂಶವನ್ನು ಹುಡುಕುವುದು ಅನಿವಾರ್ಯವಾಗುತ್ತದೆ.

ಟೇಪಿನಿಂದ ಹೊರಬಂದ ಕಡತಕ್ಕೂ ತನ್ನದೇ ವಿನ್ಯಾಸವಿರುತ್ತದೆ. 1990 ಹಾಗೂ 2000ದ ದಶಕಗಳ ಕನ್ನಡ ಪುಸ್ತಕ, ಸಂಶೋಧನ ಪತ್ರಿಕೆ, ಮಹಾಪ್ರಬಂಧಗಳಲ್ಲಿ ಬಹುಪಾಲು ಪೇಜ್‌ಮೇಕರ್ ತಂತ್ರಾಂಶದಲ್ಲಿ ಸಿದ್ಧವಾದವು. ಅದರ ಕೊನೆಯ ಆವೃತ್ತಿ 2001ರದು. ಅದರ ಉತ್ತರಾಧಿಕಾರಿಯಾದ ಇನ್‌ಡಿಸೈನ್ 2012ರ ಆವೃತ್ತಿಯವರೆಗೆ ಪೇಜ್‌ಮೇಕರಿನ ಈಚಿನ ಕಡತಗಳನ್ನು ತೆರೆಯುತ್ತಿತ್ತು. ಅನಂತರದ ಆವೃತ್ತಿಗಳಲ್ಲಿ ಆ ಸೌಲಭ್ಯವಿಲ್ಲ. ವಿಭಾಗವೊಂದರಲ್ಲಿ ಹಳೆಯ ಗಣಕವೊಂದು ಇನ್ನೂ ನಡೆಯುತ್ತಿದ್ದರೆ ಅದನ್ನು ಗುಜರಿಗೆ ಹಾಕುವ ಮುನ್ನ ಈ ಸಂಗತಿಯನ್ನು ನೆನೆಯುವುದು ಒಳಿತು.

5. ಅಕ್ಷರ ಸಂಕೇತದ ತೊಡಕು

ಕನ್ನಡ ಸಂಶೋಧಕರಿಗೆ ಎಲ್ಲಕ್ಕಿಂತ ಮುಖ್ಯವಾದ ತೊಡಕು ಇದು. ಟೇಪಿನ ಮರುಸ್ಥಾಪನೆ ಎಂದರೆ ಬೈಟುಗಳ ಮರುಸ್ಥಾಪನೆ. ಇಂಗ್ಲಿಷ್ ಕಡತದಲ್ಲಿ ಬೈಟು ಮರಳಿದರೆ ಅಕ್ಷರವೂ ಬಹುಮಟ್ಟಿಗೆ ಮರಳಿದಂತೆಯೇ, ಕನ್ನಡದಲ್ಲಿ ಹಾಗಲ್ಲ. ಒಂದೇ ಪದ ಮೂರು ಕಾಲಘಟ್ಟಗಳಲ್ಲಿ ಮೂರು ಬಗೆಯಲ್ಲಿ ದಾಖಲಾಗಿದೆ. 'ಕನ್ನಡ' ಎಂಬ ಪದವನ್ನೇ ನೋಡಬಹುದು.

ಭಾರತೀಯ ಲಿಪಿಗಳಿಗೆಂದು 1991ರಲ್ಲಿ ಮಾನಕವಾದ ಇಸ್ಕಿ ಸಂಕೇತದಲ್ಲಿ ಇದು 179, 198, 232, 198, 191 ಎಂಬ ಐದು ಅಂಕೆಗಳು. ಇಲ್ಲಿ 232 ಎಂಬುದು ವಿರಾಮ ಚಿಹ್ನೆ. ಕರ್ನಾಟಕ ಸರ್ಕಾರ ಒಪ್ಪಿದ ಅಕ್ಷರಭಾಗಗಳ ಸಂಕೇತವನ್ನು ಅನುಸರಿಸುವ ನುಡಿ ತಂತ್ರಾಂಶದಲ್ಲಿ ಇದೇ ಪದ 80, 192, 163, 192, 223, 113, 192 ಎಂಬ ಏಳು ಅಂಕೆಗಳು. ಇವು ಅಕ್ಷರಗಳಲ್ಲ, ಅಕ್ಷರದ ತುಂಡುಗಳು. 80 ಕಕಾರದ ಒಡಲು, 192 ತಲೆಕಟ್ಟು, 223 ನಕಾರದ ಒತ್ತು. ಯೂನಿಕೋಡಿನಲ್ಲಿ ಇದು 3221, 3240, 3277, 3240, 3233 ಎಂಬ ಐದು ಸಂಕೇತಗಳು. ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನ 1991ರಲ್ಲೇ ದೊರೆತಿದ್ದರೂ 2001ರ ವಿಂಡೋಸ್ ಎಕ್ಸ್‌ಪಿ ಬಂದ ಬಳಿಕವಷ್ಟೇ ಅದು ಸಾಮಾನ್ಯ ಗಣಕಗಳಲ್ಲಿ ಕಾಣಿಸತೊಡಗಿತು. ವ್ಯಾಪಕ ಬಳಕೆಗೆ ಇನ್ನೂ ಹಲವು ವರ್ಷ ಹಿಡಿಯಿತು. ನಡುವಿನ ಅವಧಿಯಲ್ಲಿ ಆಕೃತಿ, ಶ್ರೀಲಿಪಿ ಮೊದಲಾದವು ತಮ್ಮ ತಮ್ಮ ಸಂಕೇತಗಳನ್ನು ಅನುಸರಿಸಿದವು. ಅಕ್ಷರಶೈಲಿಯ ಹೆಸರು ತಿಳಿಯದೆ ಇಂಥ ಕಡತವನ್ನು ತೆರೆದರೆ ಕಾಣುವುದು ಇಂಗ್ಲಿಷ್ ಹಾಗೂ ಐರೋಪ್ಯ ಅಕ್ಷರಗಳ ಕಲಸುಮೇಲೋಗರ ಮಾತ್ರ.

ಇದರಿಂದ ಒದಗುವ ಪಾಠದೋಷಗಳನ್ನು ಹೀಗೆ ವರ್ಗೀಕರಿಸಬಹುದು.

ಒಂದು, ಅನುಕ್ರಮದ ದೋಷ. ನುಡಿಯ ಸಂಕೇತ ಬರಹದ ಆಕಾರವನ್ನು ಅನುಸರಿಸುತ್ತದೆ. ಯೂನಿಕೋಡ್ ಉಚ್ಚಾರಣೆಯನ್ನು ಅನುಸರಿಸುತ್ತದೆ. 'ಕರ್ನಾಟಕ' ಪದದಲ್ಲಿ ಅರ್ಕಾವತ್ತು ಬರೆಯುವಾಗ 'ನಾ' ಅಕ್ಷರದ ಬಳಿಕ ಬರುತ್ತದೆ, ಉಚ್ಚಾರಣೆಯಲ್ಲಿ ಅದಕ್ಕೆ ಮೊದಲು. ಪರಿವರ್ತನ ತಂತ್ರಾಂಶ ಇದನ್ನು ಹಿಂದಕ್ಕೆ ಸರಿಸಬೇಕು. ಸರಿಸುವಲ್ಲಿ ತಪ್ಪಿದರೆ ಪದದ ಕಾಗುಣಿತವೇ ಕೆಡುತ್ತದೆ. ಅಕಾರಾದಿ ಜೋಡಣೆಯಾಗಲಿ ಹುಡುಕಾಟವಾಗಲಿ ಅದನ್ನು ಹಿಡಿಯಲಾರದು.

ಎರಡು, ಭಾಷಾ ಮಿಶ್ರಣದ ದೋಷ. ನುಡಿಯಲ್ಲಿ ಕಕಾರದ ಒಡಲಾದ 80 ಎಂಬುದೇ ಇಂಗ್ಲಿಷಿನಲ್ಲಿ 'ಪಿ' ಅಕ್ಷರ. ಕನ್ನಡ, ಇಂಗ್ಲಿಷ್ ಬೆರೆತ ಮಹಾಪ್ರಬಂಧದ ಕಡತವನ್ನು ಇಡಿಯಾಗಿ ಪರಿವರ್ತಿಸಿದರೆ ಇಂಗ್ಲಿಷಿನ ಗ್ರಂಥಸೂಚಿ ಅರ್ಥಹೀನ ಕನ್ನಡವಾಗುತ್ತದೆ. ಅಂಕಿಗಳಲ್ಲೂ ಇದೇ ತೊಡಕು. ನುಡಿಯ ಒಂದು ಅಕ್ಷರಶೈಲಿಯಲ್ಲಿ ಕನ್ನಡ ಅಂಕಿಯಾಗಿ ಕಾಣುವುದು ಇನ್ನೊಂದರಲ್ಲಿ ಇಂಗ್ಲಿಷ್ ಅಂಕಿಯಾಗಿ ಕಾಣುತ್ತದೆ, ಸಂಕೇತ ಒಂದೇ. ಶೈಲಿಯ ಹೆಸರು ಕಳೆದರೆ ಮೂಲದಲ್ಲಿ ಯಾವುದಿತ್ತು ಎಂಬುದೂ ಕಳೆಯುತ್ತದೆ.

ಮೂರು, ಲಿಪಿ ನಿರ್ಣಯದ ದೋಷ. ಇಸ್ಕಿಯಲ್ಲಿ ಕನ್ನಡ, ತೆಲುಗು, ದೇವನಾಗರಿ ಎಲ್ಲಕ್ಕೂ ಕಕಾರ 179ವೇ. ಯಾವ ಲಿಪಿ ಎಂಬುದನ್ನು ತಿಳಿಸುವುದು ಪ್ರತ್ಯೇಕ ಸೂಚಕ. ಬಹುಭಾಗ ಆಂಧ್ರಪ್ರದೇಶದಿಂದ ಸುತ್ತುವರಿದ ಪಾವಗಡದಂಥ ತಾಲ್ಲೂಕಿನಲ್ಲಿ ಒಬ್ಬರೇ ಹಾಡುಗಾರ್ತಿ ಕನ್ನಡದ ಪದಗಳನ್ನೂ ತೆಲುಗಿನ ಪದಗಳನ್ನೂ ಹಾಡುವುದು ಸಹಜ. ಅಂಥ ಸಂಗ್ರಹದ ಇಸ್ಕಿ ಕಡತದಲ್ಲಿ ಲಿಪಿಸೂಚಕ ಕಳೆದಿದ್ದರೆ ತೆಲುಗು ಹಾಡು ಕನ್ನಡ ಲಿಪಿಯಲ್ಲಿ ಮೂಡುತ್ತದೆ. ಧ್ವನಿ ಸರಿಯಾಗಿಯೇ ಇರುವುದರಿಂದ ದೋಷ ಕಣ್ಣಿಗೆ ಬೀಳುವುದಿಲ್ಲ. ಸಂಗ್ರಾಹಕರು ಎರಡು ಲಿಪಿಗಳನ್ನು ಬಳಸಿ ತೋರಿಸಿದ್ದ ಭಾಷಾ ವಿವೇಚನೆ ಮಾತ್ರ ಅಳಿಯುತ್ತದೆ.

ನಾಲ್ಕು, ವಿರಳ ಚಿಹ್ನೆಗಳ ದೋಷ. ಶಾಸನಪಾಠಗಳಿಗೆ ಬೇಕಾದ ಱ, ೞ ಅಕ್ಷರಗಳು, ಹಾಡಿನಲ್ಲಿ ಎಳೆತವನ್ನು ಸೂಚಿಸಲು ಬಳಸುವ ಅವಗ್ರಹ ಇವು ಪರಿವರ್ತನೆಯಲ್ಲಿ ಬಿಟ್ಟುಹೋಗುವ ಸಂಭವ ಹೆಚ್ಚು. ಕನ್ನಡದ ಅವಗ್ರಹ ಯೂನಿಕೋಡಿಗೆ ಸೇರಿದ್ದೇ 2003ರಲ್ಲಿ. ೞ ಅಕ್ಷರಕ್ಕೆ ಯೂನಿಕೋಡಿನಲ್ಲಿ ತಪ್ಪಾಗಿ 'ಫ' ಎಂಬ ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ ಸರಿಯಾದ ಹೆಸರನ್ನು ಉಪನಾಮವಾಗಿ ಮಾತ್ರ ಸೇರಿಸಲಾಗಿದೆ. ಇದೇ ಗುಂಪಿಗೆ 'ಕಾರ್ಯ' ಮತ್ತು 'ಕಾರ‍್ಯ' ಎಂಬ ಎರಡು ಬರಹರೂಪಗಳೂ ಸೇರುತ್ತವೆ. ಎರಡನೆಯದರಲ್ಲಿ ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದು ಇರುವುದರಿಂದ ಗಣಕಕ್ಕೆ ಇವು ಎರಡು ಬೇರೆ ಪದಗಳು.

ಈ ದೋಷಗಳ ಭಯದಿಂದ ಪರಿವರ್ತನೆಯನ್ನೇ ಕೈಬಿಡಬೇಕಾಗಿಲ್ಲ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 1990ರ ದಶಕದಲ್ಲಿ ಸಿದ್ಧಪಡಿಸಿದ ಭಾರತೀಯ ಭಾಷೆಗಳ ಪಠ್ಯಕೋಶಗಳನ್ನು ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಎಮಿಲ್ ಯೋಜನೆಯ ಸಹಯೋಗದಲ್ಲಿ ಯೂನಿಕೋಡಿಗೆ ತರಲಾಯಿತು. ಅದರಲ್ಲಿ ಸುಮಾರು 22 ಲಕ್ಷ ಪದಗಳ ಕನ್ನಡ ಭಾಗವೂ ಇದೆ. ಹಳೆಯ ಸಂಕೇತದಲ್ಲೇ ಉಳಿದಿದ್ದರೆ ಅದು ಇಂದಿನ ಸಂಶೋಧಕರಿಗೆ ನಿಲುಕುತ್ತಿರಲಿಲ್ಲ.

6. ಮರುಸ್ಥಾಪನೆ ಮತ್ತು ಗ್ರಂಥಸಂಪಾದನೆ

ಮೇಲಿನ ವರ್ಗೀಕರಣವನ್ನು ನೋಡಿದವರಿಗೆ ಇದು ಅಪರಿಚಿತವೆನಿಸದು. ಲಿಪಿಕಾರರ ಕೈತಪ್ಪು, ಅಕ್ಷರಪಲ್ಲಟ, ಸಮಾನಾಕಾರದ ಅಕ್ಷರಗಳ ಗೊಂದಲ, ಲೋಪ, ಪ್ರಕ್ಷೇಪ ಇವೆಲ್ಲ ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ಓದಿದ ಪ್ರತಿಯೊಬ್ಬ ವಿದ್ಯಾರ್ಥಿಗೂ ತಿಳಿದವು. ಪರಿವರ್ತನ ತಂತ್ರಾಂಶವೂ ಒಬ್ಬ ಲಿಪಿಕಾರನೇ. ವ್ಯತ್ಯಾಸವಿಷ್ಟೆ: ಮನುಷ್ಯ ಲಿಪಿಕಾರನ ತಪ್ಪು ಅಲ್ಲಲ್ಲಿ ಬಂದರೆ, ತಂತ್ರಾಂಶದ ತಪ್ಪು ಒಂದೇ ಬಗೆಯಲ್ಲಿ ಎಲ್ಲೆಡೆಯೂ ಬರುತ್ತದೆ. ಆದ್ದರಿಂದ ಒಮ್ಮೆ ಗುರುತಿಸಿದರೆ ತಿದ್ದುವುದೂ ಸುಲಭ.

ಈ ಹೋಲಿಕೆಯಿಂದ ಕಾರ್ಯವಿಧಾನವೊಂದು ತಾನಾಗಿ ಒದಗುತ್ತದೆ. ಟೇಪಿನಿಂದ ಬಂದ ಮೂಲ ಕಡತವೇ ಮಾತೃಕೆ. ಅದನ್ನು ತಿದ್ದದೆ, ಹೆಸರನ್ನೂ ಬದಲಿಸದೆ ಇಡಬೇಕು. ಅದರ ಹ್ಯಾಶ್ ಅಂಕಿಯನ್ನು ಬರೆದಿಡಬೇಕು. ಹ್ಯಾಶ್ ಎಂಬುದು ಕಡತದ ಎಲ್ಲ ಬೈಟುಗಳಿಂದ ಲೆಕ್ಕ ಹಾಕಿದ ಮುದ್ರೆ. ಒಂದು ಒತ್ತು ಬದಲಾದರೂ ಇಡೀ ಮುದ್ರೆ ಬದಲಾಗುತ್ತದೆ. ಪರಿವರ್ತಿತ ಪಠ್ಯ ಪ್ರತ್ಯೇಕ ಪ್ರತಿಯಾಗಿರಬೇಕು. ಯಾವ ತಂತ್ರಾಂಶದಿಂದ, ಯಾವ ದಿನ, ಯಾವ ಅಕ್ಷರಶೈಲಿ ಎಂದು ಭಾವಿಸಿ ಪರಿವರ್ತಿಸಲಾಯಿತು ಎಂಬ ಟಿಪ್ಪಣಿ ಜೊತೆಗಿರಬೇಕು. ಕೈಯಿಂದ ಮಾಡಿದ ತಿದ್ದುಪಡಿಗಳು ಪಾಠಾಂತರಗಳಂತೆ ದಾಖಲಾಗಬೇಕು. ಅಚ್ಚಾದ ಪುಸ್ತಕವಿದ್ದರೆ ಅದರೊಡನೆ ಹೋಲಿಕೆ ನಡೆಯಬೇಕು.

ಅಚ್ಚಿನ ಪ್ರತಿಯ ಮಹತ್ವಕ್ಕೆ ಇದೇ ಪ್ರದೇಶದಲ್ಲಿ ದೊಡ್ಡ ನಿದರ್ಶನವಿದೆ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ ತುಮಕೂರು ಜಿಲ್ಲೆಯ ಸಂಪುಟ, ಅಂದರೆ 12ನೆಯದು, 1904ರಲ್ಲಿ ಹೊರಬಂದಿತು. ಆ ಮಾಲೆಯಲ್ಲಿ ಶಾಸನಪಾಠ ಕನ್ನಡ ಲಿಪಿಯಲ್ಲೂ ರೋಮನ್ ಲಿಪಿಯಲ್ಲೂ ಇದ್ದು, ಇಂಗ್ಲಿಷ್ ಅನುವಾದವೂ ಇದೆ. ಕನ್ನಡ ಪಾಠದಲ್ಲಿ ಅಚ್ಚಿನ ದೋಷ ಕಂಡರೆ ರೋಮನ್ ಪಾಠ ಅದನ್ನು ತೋರಿಸಿಕೊಡುತ್ತದೆ. ಕಲ್ಲು ಕಣ್ಮರೆಯಾದರೂ ಪಾಠ ಉಳಿಯುತ್ತದೆ. ಟೇಪಿನ ತಂತ್ರಜ್ಞರು ಹೆಚ್ಚುವರಿ ಬೈಟುಗಳಿಂದ ಸಾಧಿಸುವ ದೋಷಪತ್ತೆಯನ್ನು ರೈಸ್ ಅವರ ಸಂಪುಟಗಳು ಎರಡು ಲಿಪಿಗಳಿಂದ ಸಾಧಿಸಿವೆ.

ಅದೇ ಸಂಪುಟದ ಕಾಲದಲ್ಲಿ ಇಂದಿನ ಮಧುಗಿರಿಯ ಹೆಸರು ಮದ್ದಗಿರಿ ಎಂದಿತ್ತು. ಸಿರಾ-ಶಿರಾ, ಪಾವುಗಡ-ಪಾವಗಡ ಎಂಬ ರೂಪಭೇದಗಳೂ ಇವೆ. ಜಿಲ್ಲೆಯ ಹೆಸರಿನ ಇಂಗ್ಲಿಷ್ ಬರಹ 2014ರಲ್ಲಿ 'ತುಮಕೂರು' ಉಚ್ಚಾರಣೆಗೆ ಹೊಂದುವಂತೆ ಬದಲಾಯಿತು. ಮರುಸ್ಥಾಪಿತ ಕಡತಗಳಿಗೆ ಸೂಚಿ ಕಟ್ಟುವಾಗ ಈ ರೂಪಗಳನ್ನೆಲ್ಲ ಒಂದೇ ಸ್ಥಳಕ್ಕೆ ಜೋಡಿಸದಿದ್ದರೆ, ಇರುವ ಕಡತವೂ ಇಲ್ಲದಂತೆ ಆಗುತ್ತದೆ.

7. ಧ್ವನಿಯ ಟೇಪು

ಬರಹದ ಕಡತ ಕಳೆದರೂ ಕೆಲವೊಮ್ಮೆ ಅಚ್ಚಿನ ಪುಸ್ತಕ ನೆರವಿಗೆ ಬರುತ್ತದೆ. ಧ್ವನಿಮುದ್ರಣಕ್ಕೆ ಆ ಆಸರೆಯಿಲ್ಲ. ಸಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆ ಕಾಡುಗೊಲ್ಲರ ಶ್ರದ್ಧಾಕೇಂದ್ರ. ಜುಂಜಪ್ಪನ ಕಾವ್ಯವನ್ನು ಕಾಡುಗೊಲ್ಲ ಗಾಯಕರು ಗಣೆ ಎಂಬ ಉದ್ದನೆಯ ಬಿದಿರು ಕೊಳಲಿನ ಹಿನ್ನೆಲೆಯಲ್ಲಿ ಹಾಡುತ್ತಾರೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಈ ಕಾವ್ಯದ ಪಠ್ಯವನ್ನು ಪ್ರಕಟಿಸಿದೆ. ಆದರೆ ಅಚ್ಚಿನ ಪಠ್ಯದಲ್ಲಿ ಗಣೆಯ ನಾದವಿಲ್ಲ. ಗಾಯಕ ಎಲ್ಲಿ ಉಸಿರು ತೆಗೆದುಕೊಂಡ, ಹಿಮ್ಮೇಳ ಎಲ್ಲಿ ಸೇರಿತು, ಪಲ್ಲವಿ ಎಷ್ಟು ಸಲ ಮರಳಿತು ಎಂಬ ವಿವರಗಳಿಲ್ಲ. ಇವು ಉಳಿದಿರುವುದು ಕ್ಷೇತ್ರಕಾರ್ಯದ ಕ್ಯಾಸೆಟ್ಟುಗಳಲ್ಲಿ ಮಾತ್ರ. ಹಾಡಿದವರು ತೀರಿಕೊಂಡಿದ್ದರೆ ಆ ಕ್ಯಾಸೆಟ್ಟಿಗೆ ಬೇರೊಂದು ಮೂಲವೇ ಇರುವುದಿಲ್ಲ.

ಕ್ಯಾಸೆಟ್ಟನ್ನು ಗಣಕಕ್ಕೆ ಇಳಿಸುವಾಗ ಅವಸರಕ್ಕೆ ಎಡೆಯಿಲ್ಲ. 60 ನಿಮಿಷದ ಧ್ವನಿಗೆ 60 ನಿಮಿಷ ಬೇಕೇ ಬೇಕು. ಅಂತರರಾಷ್ಟ್ರೀಯ ಧ್ವನಿ ಸಂಗ್ರಹಾಲಯಗಳ ಒಕ್ಕೂಟದ ಶಿಫಾರಸಿನಂತೆ 24 ಬಿಟ್, 96 ಕಿಲೋಹರ್ಟ್ಸ್ ಪ್ರಮಾಣದಲ್ಲಿ, ಎರಡು ವಾಹಿನಿಗಳಲ್ಲಿ ಇಳಿಸಿದರೆ ಒಂದು ಗಂಟೆಯ ಧ್ವನಿ ಸುಮಾರು 2 ಗಿಗಾಬೈಟ್ ಆಗುತ್ತದೆ. ಇಂದಿನ ಡಿಸ್ಕುಗಳಿಗೆ ಇದು ಹೊರೆಯಲ್ಲ. ಕೊರತೆ ಇರುವುದು ಸುಸ್ಥಿತಿಯ ಟೇಪ್ ರೆಕಾರ್ಡರುಗಳದು. ಯುನೆಸ್ಕೊ 2019ರಲ್ಲಿ ಕಾಂತೀಯ ಟೇಪುಗಳ ಕುರಿತು ಹೊರಡಿಸಿದ ಎಚ್ಚರಿಕೆಯಲ್ಲಿ 2025ರ ಸುಮಾರಿಗೆ ಇಂಥ ಯಂತ್ರಗಳು ಬಹುಮಟ್ಟಿಗೆ ದೊರೆಯದಂತಾಗುತ್ತವೆ ಎಂದು ತಿಳಿಸಿತ್ತು. ಆ ಗಡುವು ಈಗ ಬಂದಿದೆ.

ಇಳಿಸುವಾಗ ಕ್ಯಾಸೆಟ್ಟಿನ ಮೇಲಿನ ಕೈಬರಹದ ಚೀಟಿಯ ಛಾಯಾಚಿತ್ರವನ್ನೂ ತೆಗೆಯಬೇಕು. ಹಾಡಿದವರು, ಹಟ್ಟಿ, ದಿನಾಂಕ ಇವುಗಳಿಗೆ ಹಲವು ವೇಳೆ ಆ ಚೀಟಿಯೇ ಏಕೈಕ ದಾಖಲೆ. ಧ್ವನಿಯಲ್ಲಿನ ಗದ್ದಲವನ್ನು ತೆಗೆದ ಪ್ರತಿ ಕೇಳಲು ಹಿತವಾದರೂ ಅದು ಪರಿಷ್ಕೃತ ಪ್ರತಿ ಮಾತ್ರ. ಪರಿಷ್ಕರಿಸದ ಧ್ವನಿಯನ್ನು ಮಾತೃಕೆಯಾಗಿ ಪ್ರತ್ಯೇಕವಾಗಿ ಉಳಿಸಬೇಕು.

8. ಸಮಾರೋಪ

ಒಟ್ಟಾರೆಯಾಗಿ, ಮರುಸ್ಥಾಪನೆಯಲ್ಲಿ ನಾಲ್ಕು ಹಂತಗಳಿವೆ: ಟೇಪು ಓದಿಗೆ ಸಿಗಬೇಕು, ಯಂತ್ರ ಇರಬೇಕು, ವಿನ್ಯಾಸ ತಿಳಿದಿರಬೇಕು, ಅಕ್ಷರ ಸಂಕೇತ ಗುರುತಾಗಬೇಕು. ಮೊದಲ ಮೂರು ಹಂತಗಳಲ್ಲಿ ಗಣಕ ತಜ್ಞರ ನೆರವು ಸಾಕು. ನಾಲ್ಕನೆಯ ಹಂತದಲ್ಲಿ ಪಾಠ ಸರಿಯೆ, ತಪ್ಪೆ ಎಂದು ಹೇಳಬಲ್ಲವರು ಕನ್ನಡ ಬಲ್ಲ ಸಂಶೋಧಕರು ಮಾತ್ರ. ಕಾಡುಗೊಲ್ಲರ ಹಾಡಿನ ಉಪಭಾಷಾ ರೂಪವನ್ನು ತಂತ್ರಾಂಶ ದೋಷವೆಂದು ತಿದ್ದಿಬಿಡುವ, ಇಲ್ಲವೆ ತಂತ್ರಾಂಶದ ದೋಷವನ್ನು ಉಪಭಾಷೆಯ ವೈಶಿಷ್ಟ್ಯವೆಂದು ವಿವರಿಸುವ ಎರಡೂ ಅಪಾಯಗಳನ್ನು ತಪ್ಪಿಸಬಲ್ಲವರು ಅವರೇ. ಆದ್ದರಿಂದ ಈ ಕೆಲಸವನ್ನು ಗಣಕ ವಿಭಾಗದ ಹೊಣೆಯೆಂದು ಬಿಟ್ಟುಕೊಡಲಾಗದು.

ಕನ್ನಡ ವಿಭಾಗಗಳು ಕೂಡಲೇ ಕೈಗೊಳ್ಳಬಹುದಾದ ಕೆಲಸಗಳು ದೊಡ್ಡ ಅನುದಾನವನ್ನು ಬೇಡುವುದಿಲ್ಲ. ತಮ್ಮಲ್ಲಿರುವ ಕ್ಯಾಸೆಟ್ಟು, ಟೇಪು, ಫ್ಲಾಪಿ, ಸಿ.ಡಿ.ಗಳ ಪಟ್ಟಿ ಸಿದ್ಧಪಡಿಸುವುದು. ಬೇರೆ ಮೂಲವಿಲ್ಲದವುಗಳನ್ನು ಮೊದಲು ಇಳಿಸುವುದು. ಮಾತೃಕೆ ಮತ್ತು ಪರಿವರ್ತಿತ ಪಠ್ಯಗಳನ್ನು ಪ್ರತ್ಯೇಕವಾಗಿ, ಎರಡು ಬೇರೆ ಮಾಧ್ಯಮಗಳಲ್ಲಿ, ಒಂದನ್ನಾದರೂ ಬೇರೆ ಊರಿನಲ್ಲಿ ಇಡುವುದು. ವರ್ಷಕ್ಕೊಮ್ಮೆ ಅವುಗಳಲ್ಲಿ ಕೆಲವನ್ನು ತೆರೆದು ಓದಿ ನೋಡುವುದು ಇಷ್ಟರಿಂದ ಆರಂಭಿಸಬಹುದು. ಸ್ನಾತಕೋತ್ತರ ತರಗತಿಯ ಗ್ರಂಥಸಂಪಾದನೆಯ ಪತ್ರಿಕೆಯಲ್ಲಿ ಓಲೆಗರಿಯ ಪಾಠನಿರ್ಣಯದ ಜೊತೆಗೆ ಹಳೆಯ ನುಡಿ ಕಡತವೊಂದರ ಪರಿವರ್ತನೆ ಮತ್ತು ಪಾಠಪರಿಶೀಲನೆಯನ್ನು ಅಭ್ಯಾಸವಾಗಿ ಸೇರಿಸಿದರೆ, ಈ ನಾಲ್ಕು ತಾಲ್ಲೂಕುಗಳ ಸಂಗ್ರಹಗಳಿಂದಲೇ ಆ ಅಭ್ಯಾಸವನ್ನು ಆರಂಭಿಸಬಹುದಾಗಿದೆ.